ಸಿಮ್ಯುಲೇಶನ್ ಅಲ್ಗಾರಿದಮ್‌ಗೆ ಗುರುತು ಹಚ್ಚುವ ನಾಲ್ಕು ದಾರಿ: ನಮ್ಮ ಶೀಟ್, ಎಸ್‌ಬಿಒ, ಮಾಮೋ, ಕಿಸಾವೋ

ಜೀವಕೋಶದೊಳಗಿನ ಕ್ರಿಯೆಗಳ ಒಂದು ಮಾಡೆಲ್ ಓಡಿಸಿ ಗ್ರಾಫ್ ತೆಗೆಯೋದು ಈಗ ದೊಡ್ಡ ಕೆಲಸವಲ್ಲ. ಕೋಪಾಸಿ ಅನ್ನೋ ಸಾಫ್ಟ್‌ವೇರ್ ತೆರೆದು ಗುಂಡಿ ಒತ್ತಿದರೆ ಮುಗಿಯಿತು. ತಲೆನೋವು ಶುರುವಾಗೋದು ಆಮೇಲೆ. ಓಡಿಸಿದ ಹುಡುಗ ಎಂಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ನಮಗೆ ಅದೇ ಗ್ರಾಫ್ ಮತ್ತೆ ಬೇಕಾಗಿರುತ್ತದೆ. ಮಾಡೆಲ್ ಫೈಲ್ ಸಿಗುತ್ತದೆ, ಸಮೀಕರಣಗಳು ಸಿಗುತ್ತವೆ. ಯಾವ ಅಲ್ಗಾರಿದಮ್‌ನಿಂದ ಬಿಡಿಸಿದ ಅನ್ನೋದು ಮಾತ್ರ ಸಿಗೋದಿಲ್ಲ. ಫೋನ್ ಮಾಡಿದರೆ, “ಡಿಫಾಲ್ಟ್ ಇತ್ತಲ್ರೀ ಮೇಡಂ, ಅದನ್ನ ಇಟ್ಟಿದ್ದೆ” ಅನ್ನುತ್ತಾನೆ. ಯಾವ ಸಾಫ್ಟ್‌ವೇರಿನ ಡಿಫಾಲ್ಟಪ್ಪಾ ಅಂದರೆ ಅವನಿಗೂ ನೆನಪಿಲ್ಲ.

ಧಾರವಾಡದ ನಮ್ಮ ಲ್ಯಾಬಿನಲ್ಲಿ ಇಂಥ ಫೈಲುಗಳು ಒಂದು ಹಾರ್ಡ್‌ಡಿಸ್ಕ್ ತುಂಬ ಇವೆ. ಅವುಗಳನ್ನು ಒಂದು ಕ್ರಮಕ್ಕೆ ತರಬೇಕು ಅಂತ ನಾಲ್ಕು ದಾರಿ ಹಿಡಿದು ನೋಡಿದೆವು. ಮೊದಲನೆಯದು ನಮ್ಮದೇ ಎಕ್ಸೆಲ್ ಶೀಟ್. ಉಳಿದ ಮೂರು ಆಂಟಾಲಜಿಗಳು: ಎಸ್‌ಬಿಒ, ಮಾಮೋ ಮತ್ತು ಕಿಸಾವೋ. ಆಂಟಾಲಜಿ ಅಂದರೆ ಬರೀ ಹೆಸರುಗಳ ಪಟ್ಟಿ ಅಲ್ಲ. ಪ್ರತಿ ಹೆಸರಿಗೂ ಬದಲಾಗದ ಒಂದು ನಂಬರ್ ಇರುತ್ತದೆ, ಒಂದು ವಿವರಣೆ ಇರುತ್ತದೆ, ಯಾವುದು ಯಾವುದರ ಒಳಗೆ ಬರುತ್ತದೆ ಅನ್ನೋದು ಕಂಪ್ಯೂಟರಿಗೂ ಅರ್ಥವಾಗುವ ಹಾಗೆ ಬರೆದಿರುತ್ತದೆ.

ನನ್ನ ತೀರ್ಪನ್ನು ಈಗಲೇ ಹೇಳಿಬಿಡುತ್ತೇನೆ. ಈ ನಾಲ್ಕರಲ್ಲಿ ಅಲ್ಗಾರಿದಮ್‌ನ ಹೆಸರು ಯಾವುದು ಚೆನ್ನಾಗಿ ಹೇಳುತ್ತದೆ ಅನ್ನೋದು ಮುಖ್ಯ ಪ್ರಶ್ನೆ ಅಲ್ಲವೇ ಅಲ್ಲ. ಹೆಸರಿನ ಜೊತೆ ಟಾಲರೆನ್ಸ್ (ಲೆಕ್ಕದಲ್ಲಿ ಎಷ್ಟು ತಪ್ಪನ್ನು ಒಪ್ಪಬಹುದು ಅನ್ನೋ ಮಿತಿ), ಸೀಡ್ (ಯಾದೃಚ್ಛಿಕ ಸಂಖ್ಯೆಗಳನ್ನು ಶುರು ಮಾಡುವ ಸಂಖ್ಯೆ), ಹೆಜ್ಜೆಯ ಅಳತೆ (ಒಂದೊಂದು ಸಲ ಸಮಯದಲ್ಲಿ ಎಷ್ಟು ಮುಂದೆ ಹೋಗೋದು) ಇವುಗಳಿಗೆ ಜಾಗ ಯಾರು ಕೊಟ್ಟಿದ್ದಾರೆ ಅನ್ನೋದು ಮುಖ್ಯ. ಆ ಲೆಕ್ಕದಲ್ಲಿ ಕಿಸಾವೋ ಗೆಲ್ಲುತ್ತದೆ. ಆದರೆ ಶೀಟನ್ನು ಬಿಸಾಡೋಕೆ ಆಗೋದಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಶೀಟ್ ಹೇಗಿತ್ತು ನೋಡಿ. ಫೈಲಿನ ಹೆಸರು, ಯಾರು ಓಡಿಸಿದ್ದು, ತಾರೀಖು, ಸಾಫ್ಟ್‌ವೇರ್, ಮೆಥಡ್, ಕೊನೆಗೊಂದು ನೋಟ್ ಕಾಲಂ. ತುಂಬೋದು ಸುಲಭ. ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್ ಸತ್ತರೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳಬಹುದು. ಯಾರಿಗೂ ಟ್ರೇನಿಂಗ್ ಬೇಕಾಗಿಲ್ಲ.

ಮೆಥಡ್ ಕಾಲಂ ಮಾತ್ರ ಸಂತೆಯಾಗಿತ್ತು. ಒಂದು ಸಾಲಿನಲ್ಲಿ ‘ಆರ್‌ಕೆ’, ಅಂದರೆ ರುಂಗೆ-ಕುಟ್ಟ. ಇನ್ನೊಂದರಲ್ಲಿ ‘ಆರ್‌ಕೆ45’. ಮತ್ತೊಂದರಲ್ಲಿ ‘ಓಡಿಇ45’. ಇವು ಒಂದೇನಾ, ಬೇರೆಬೇರೆನಾ? ಮ್ಯಾಟ್‌ಲ್ಯಾಬಿನ ಓಡಿಇ45 ಮತ್ತು ಪೈಥಾನ್‌ನ ಸೈಪೈ ಲೈಬ್ರರಿಯ ಆರ್‌ಕೆ45 ಎರಡೂ ಡಾರ್ಮಂಡ್ ಮತ್ತು ಪ್ರಿನ್ಸ್ 1980ರಲ್ಲಿ ಕೊಟ್ಟ ಸೂತ್ರವನ್ನೇ ಬಳಸುತ್ತವೆ. ಆದರೆ ಆರ್‌ಕೆ45 ಅನ್ನೋ ಹೆಸರಿನಲ್ಲೇ 1969ರ ಫೇಲ್‌ಬರ್ಗ್ ಸೂತ್ರವನ್ನು ಕೊಡುವ ಪ್ರೋಗ್ರಾಮುಗಳೂ ಇವೆ. ಅಂದರೆ ಹೆಸರು ಬೇರೆ ಇದ್ದದ್ದು ಒಂದೇ, ಹೆಸರು ಒಂದೇ ಇದ್ದದ್ದು ಬೇರೆ. ‘ಆರ್‌ಕೆ’ ಅಂತಷ್ಟೇ ಬರೆದವರು ನಾಲ್ಕನೇ ಆರ್ಡರಿನ ಹಳೆಯ ರುಂಗೆ-ಕುಟ್ಟ ಬಳಸಿದರೋ ಇನ್ನೇನೋ, ಆ ದೇವರಿಗೇ ಗೊತ್ತು.

ಎಲ್ಲಕ್ಕಿಂತ ಕೆಟ್ಟದ್ದು ‘ಡಿಫಾಲ್ಟ್’ ಅನ್ನೋ ನಮೂದು. ಕೋಪಾಸಿಯ ಡಿಫಾಲ್ಟ್ ಎಲ್‌ಸೋಡಾ ಅನ್ನೋ ಅಲ್ಗಾರಿದಮ್. ಟೆಲ್ಯೂರಿಯಂ ಅನ್ನೋ ಇನ್ನೊಂದು ಸಾಫ್ಟ್‌ವೇರಿನದು ಸಿವೋಡ್. ಸೈಪೈನ ‘ಸಾಲ್ವ್ ಐವಿಪಿ’ ಫಂಕ್ಷನ್‌ನದು ಆರ್‌ಕೆ45. ಸಾಫ್ಟ್‌ವೇರ್ ಕಾಲಂ ಖಾಲಿ ಇದ್ದರೆ ‘ಡಿಫಾಲ್ಟ್’ ಅನ್ನೋದು ಏನನ್ನೂ ಹೇಳೋದಿಲ್ಲ.

ಆದರೂ ಆ ನೋಟ್ ಕಾಲಂ ಇದೆಯಲ್ಲ, ಅದರಲ್ಲಿ ಬಂಗಾರ ಇತ್ತು. “ಇದನ್ನು ನಂಬಬ್ಯಾಡ್ರಿ, ಡಿಗ್ರೇಡೇಶನ್ ರೇಟ್ ಅಂದಾಜಿಗೆ ಹಾಕೇನಿ” ಅಂತ ಒಬ್ಬಳು ಬರೆದಿದ್ದಳು. ಇಂಥ ಮಾತಿಗೆ ಯಾವ ಆಂಟಾಲಜಿಯಲ್ಲೂ ಜಾಗ ಇಲ್ಲ.

ಎರಡನೆಯದು ಎಸ್‌ಬಿಒ. ಸಿಸ್ಟಮ್ಸ್ ಬಯಾಲಜಿ ಆಂಟಾಲಜಿ ಅಂತ ಪೂರ್ತಿ ಹೆಸರು. ಹೆಸರು ಕೇಳಿದರೆ ಎಲ್ಲ ಇದರಲ್ಲೇ ಇರಬೇಕು ಅನಿಸುತ್ತದೆ, ಅಲ್ವಾ? ನಮ್ಮಲ್ಲಿ ತುಂಬ ಜನ ಮೊದಲು ಇಲ್ಲಿಗೇ ಹೋಗುತ್ತಾರೆ. ಆದರೆ ಇದು ಮಾಡೆಲ್ಲಿನ ಒಳಗಿನ ಸಾಮಾನುಗಳಿಗೆ ಗುರುತು ಹಚ್ಚೋಕೆ ಇರುವಂಥದ್ದು. ಈ ಸಂಖ್ಯೆ ಮೈಕೇಲಿಸ್ ಸ್ಥಿರಾಂಕ, ಅದಕ್ಕೆ ಎಸ್‌ಬಿಒ:0000027. ಈ ಸಮೀಕರಣ ಇಂಥ ರೇಟ್ ಲಾ (ಕ್ರಿಯೆಯ ವೇಗದ ಸೂತ್ರ), ಈ ಪದಾರ್ಥ ಇಲ್ಲಿ ಎಂಜೈಮ್, ಅದು ಅಲ್ಲಿ ಪ್ರತಿಬಂಧಕ. ಮಾಡೆಲ್ ಬರೆದಿಡುವ ಎಸ್‌ಬಿಎಂಎಲ್ ಫೈಲಿನ ಪ್ರತಿ ಭಾಗಕ್ಕೂ ಇಂಥ ಒಂದು ಚೀಟಿ ಅಂಟಿಸಬಹುದು.

ಅಲ್ಗಾರಿದಮ್‌ಗೆ ಹತ್ತಿರದ ಕೊಂಬೆ ಅಂದರೆ ಅದರಲ್ಲಿ ‘ಮಾಡೆಲಿಂಗ್ ಫ್ರೇಮ್‌ವರ್ಕ್’ ಅಂತ ಒಂದಿದೆ. ನಿರಂತರವೋ, ಬಿಡಿಬಿಡಿಯೋ, ತಾರ್ಕಿಕವೋ ಅಂತ ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲುತ್ತದೆ. ಎಲ್‌ಸೋಡಾಗೂ ತೀರಾ ಸರಳವಾದ ಯೂಲರ್ ವಿಧಾನಕ್ಕೂ ಅಲ್ಲಿ ಒಂದೇ ಚೀಟಿ. ನಮ್ಮ ಹಾರ್ಡ್‌ಡಿಸ್ಕನ್ನು ಇದರಿಂದ ವಿಂಗಡಿಸಿದಾಗ ಒಂದು ದೊಡ್ಡ ಗುಡ್ಡೆ, ಒಂದು ಸಣ್ಣ ಗುಡ್ಡೆ ಆದವು, ಮುಗಿಯಿತು. ಎಸ್‌ಬಿಒದ ತಪ್ಪೇನಿಲ್ಲ. ನಾವು ಕೇಳಿದ ಪ್ರಶ್ನೆ ಅದರದ್ದಲ್ಲ.

ಮಾಮೋ, ಅಂದರೆ ಮ್ಯಾಥಮ್ಯಾಟಿಕಲ್ ಮಾಡೆಲಿಂಗ್ ಆಂಟಾಲಜಿ, ಇನ್ನೂ ಬೇಗ ಮುಗಿಯುತ್ತದೆ. ಇದು ಮಾಡೆಲ್ ಯಾವ ಜಾತಿಯದು ಅಂತ ಹೇಳುತ್ತದೆ. ಬಯೋಮಾಡೆಲ್ಸ್ ಭಂಡಾರದಲ್ಲಿ ಒಂದು ಮಾಡೆಲ್ ತೆರೆದರೆ ‘ಸಾಮಾನ್ಯ ಡಿಫರೆನ್ಷಿಯಲ್ ಸಮೀಕರಣದ ಮಾಡೆಲ್, ಮಾಮೋ:0000046’ ಅಂತ ಕಾಣುತ್ತದಲ್ಲ, ಅದು ಇದೇ. ಹುಡುಕೋಕೆ ಬಹಳ ಉಪಯೋಗ. ಲಾಜಿಕಲ್ ಮಾಡೆಲ್‌ಗಳನ್ನಷ್ಟೇ ತೋರಿಸು ಅಂದರೆ ತೋರಿಸುತ್ತದೆ. ಓಡಿಸೋಕೆ ಏನೂ ಉಪಯೋಗ ಇಲ್ಲ. ಮಾಡೆಲ್ ಯಾವುದು ಅನ್ನೋದು ಬೇರೆ, ಅದನ್ನು ಹೇಗೆ ಬಿಡಿಸಿದಿರಿ ಅನ್ನೋದು ಬೇರೆ.

ಕಿಸಾವೋ ಹುಟ್ಟಿದ್ದೇ ಈ ಎರಡನೇ ಪ್ರಶ್ನೆಗೆ. ಕೈನೆಟಿಕ್ ಸಿಮ್ಯುಲೇಶನ್ ಅಲ್ಗಾರಿದಮ್ ಆಂಟಾಲಜಿ ಅಂತ ಪೂರ್ತಿ ಹೆಸರು. ಮೆಲಾನಿ ಕೂರ್ಟೋ, ನಿಕೋಲಾ ಲೆ ನೊವೆರ್ ಮತ್ತು ಸಂಗಡಿಗರು 2011ರಲ್ಲಿ ಎಸ್‌ಬಿಒ, ಕಿಸಾವೋ ಮತ್ತು ಟೆಡ್ಡಿ ಮೂರನ್ನೂ ಸೇರಿಸಿ ಒಂದು ಲೇಖನ ಬರೆದರು. ಮೂರಕ್ಕೂ ಹೊಲದ ಬದು ಹಾಕಿದ್ದು ಚೆನ್ನಾಗಿದೆ: ಮಾಡೆಲ್ಲಿನಲ್ಲಿ ಏನಿದೆ ಅನ್ನೋದು ಎಸ್‌ಬಿಒ, ಹೇಗೆ ಓಡಿಸಿದಿರಿ ಅನ್ನೋದು ಕಿಸಾವೋ, ಓಡಿಸಿದಾಗ ಏನು ಕಂಡಿತು ಅನ್ನೋದು ಟೆಡ್ಡಿ. ಆಂದೋಲನ ಬಂತಾ, ಎರಡು ಸ್ಥಿರ ಸ್ಥಿತಿ ಬಂದವಾ, ಅಂಥದ್ದು ಟೆಡ್ಡಿಯ ಕೆಲಸ. ಟೆಡ್ಡಿಯನ್ನು ನಾವು ಮುಟ್ಟಲಿಲ್ಲ. ಅದು ನಮ್ಮ ತೊಂದರೆ ಆಗಿರಲಿಲ್ಲ.

ಕಿಸಾವೋದಲ್ಲಿ ಮೂರು ದೊಡ್ಡ ಕೊಂಬೆ ಇವೆ. ಅಲ್ಗಾರಿದಮ್‌ಗಳು, ಅವುಗಳ ಲಕ್ಷಣಗಳು, ಅವುಗಳ ಪ್ಯಾರಾಮೀಟರ್‌ಗಳು. ಲಕ್ಷಣಗಳನ್ನು ಬೇರೆ ಕೊಂಬೆಯಾಗಿ ಯಾಕೆ ಇಟ್ಟಿದ್ದಾರೆ ಅಂತ ಒಂದು ಗುಂಪಿಗೆ ಹೇಳಿಕೊಡುವಾಗ ನಾನು ಒದ್ದಾಡುತ್ತಿದ್ದೆ. ಬ್ಯಾಡಗಿ ಕಡೆಯ ಒಬ್ಬ ಹುಡುಗಿ ಥಟ್ಟನೆ ಹೇಳಿದಳು: “ಮೆಣಸಿನಕಾಯಿ ಇದ್ದಂಗ ಬಿಡ್ರಿ ಮೇಡಂ. ಡಬ್ಬಿನೋ ಕಡ್ಡಿನೋ ಅನ್ನೋದು ಒಂದು ಲೆಕ್ಕ. ಬಣ್ಣ ಹೆಂಗೈತಿ ಅನ್ನೋದು ಇನ್ನೊಂದು. ಒಣಗೈತೋ ಹಸಿ ಐತೋ ಅನ್ನೋದು ಮತ್ತೊಂದು. ಒಂದ ಚೀಲಕ್ಕ ಮೂರೂ ಹೇಳಬೇಕು.” ಸರಿಯಾಗಿಯೇ ಇದೆ. ಒಂದೇ ಮರದಲ್ಲಿ ಎಲ್ಲವನ್ನೂ ತುರುಕಿದರೆ, ಮೊದಲು ಖಚಿತ-ಯಾದೃಚ್ಛಿಕ ಅಂತ ಸೀಳಬೇಕೋ, ಹೆಜ್ಜೆ ಸ್ಥಿರವೋ ಬದಲಾಗುವುದೋ ಅಂತ ಸೀಳಬೇಕೋ ಅನ್ನೋ ಜಗಳ ಮುಗಿಯೋದಿಲ್ಲ. ಕಿಸಾವೋ ಆ ಜಗಳವನ್ನೇ ತಪ್ಪಿಸಿದೆ. ಎಲ್‌ಸೋಡಾಗೆ ಒಂದು ನಂಬರ್, 88. ಅದಕ್ಕೆ ಬೇರೆಯಾಗಿ ಅಂಟಿಸಿದ ಲಕ್ಷಣಗಳು: ಖಚಿತ, ನಿರಂತರ ಚರಗಳು, ಹೊಂದಿಕೊಳ್ಳುವ ಹೆಜ್ಜೆ.

ಇಲ್ಲಿಂದ ಮುಂದೆ ಕಿಸಾವೋ ನಂಬರುಗಳ ಮುಂದಿನ ಸೊನ್ನೆಗಳನ್ನು ಬಿಟ್ಟು ಬರೆಯುತ್ತೇನೆ. ಪೂರ್ತಿ ಬರೆದರೆ ಕಿಸಾವೋ:0000088 ಅಂತ ಆಗುತ್ತದೆ.

ಪ್ಯಾರಾಮೀಟರ್ ಕೊಂಬೆಯ ಬೆಲೆ ಗೊತ್ತಾಗಿದ್ದು ರೆಪ್ರೆಸಿಲೇಟರ್ ಮಾಡೆಲ್ ಓಡಿಸಿದಾಗ. ಎಲೋವಿಟ್ಜ್ ಮತ್ತು ಲೀಬ್ಲರ್ 2000ದಲ್ಲಿ ನೇಚರ್‌ನಲ್ಲಿ ಪ್ರಕಟಿಸಿದ ಪ್ರಸಿದ್ಧ ಮಾಡೆಲ್ ಇದು. ಮೂರು ಜೀನ್‌ಗಳು, ಒಂದು ಇನ್ನೊಂದನ್ನು ತಡೆಯುತ್ತದೆ, ಇನ್ನೊಂದು ಮತ್ತೊಂದನ್ನು, ಮತ್ತೊಂದು ಮೊದಲನೆಯದನ್ನು. ಮೂರೂ ಪ್ರೋಟೀನ್‌ಗಳು ಸರದಿಯ ಮೇಲೆ ಏರಿ ಇಳಿಯುತ್ತವೆ. ಬಯೋಮಾಡೆಲ್ಸ್‌ನಲ್ಲಿ ಇದರ ನಂಬರ್ 12. ಎಂಆರ್‌ಎನ್‌ಎಯ ಅರ್ಧಾಯುಷ್ಯ 2 ನಿಮಿಷ, ಪ್ರೋಟೀನಿನದು 10 ನಿಮಿಷ, ಹಿಲ್ ಗುಣಾಂಕ (ತಡೆ ಎಷ್ಟು ಚೂಪಾಗಿ ಏರುತ್ತದೆ ಅನ್ನೋ ಅಳತೆ) 2. ಪಾಠ ಮಾಡೋಕೆ ಇದಕ್ಕಿಂತ ಒಳ್ಳೆ ಮಾಡೆಲ್ ಕಡಿಮೆ.

ಇದನ್ನು ಎಲ್‌ಸೋಡಾದಿಂದಲೇ ಮೂರು ಕಡೆ ಓಡಿಸಿದೆವು. ಕೋಪಾಸಿಯಲ್ಲಿ ಒಂದು. ಸೈಪೈನ ಹಳೆಯ ‘ಓಡಿಇ ಇಂಟ್’ ಫಂಕ್ಷನ್‌ನಲ್ಲಿ ಇನ್ನೊಂದು, ಅದರ ಒಳಗೂ ಎಲ್‌ಸೋಡಾವೇ ಇರೋದು. ‘ಸಾಲ್ವ್ ಐವಿಪಿ’ಯಲ್ಲಿ ಎಲ್‌ಸೋಡಾ ಆರಿಸಿ ಮತ್ತೊಂದು. ಅಲ್ಗಾರಿದಮ್ ಒಂದೇ. ನಮ್ಮ ಶೀಟಿನಲ್ಲಿ ಮೂರಕ್ಕೂ ಒಂದೇ ಹೆಸರು. ಬರೀ 88 ಅಂತ ಬರೆದಿದ್ದರೂ ಮೂರಕ್ಕೂ ಒಂದೇ ನಂಬರ್.

ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಮೊದಲ ಕೆಲವು ಸುತ್ತು ಗೆರೆಗಳು ಕೂಡಿಕೊಂಡೇ ಹೋದವು. ಆಮೇಲೆ ಸಾಲ್ವ್ ಐವಿಪಿಯ ಗೆರೆ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿತು. ಎತ್ತರ ಅದೇ, ಆಕಾರ ಅದೇ. ಶಿಖರ ಬರುವ ಹೊತ್ತು ಮಾತ್ರ ಬೇರೆ. ಕಾರಣ ಟಾಲರೆನ್ಸ್. ಸಾಲ್ವ್ ಐವಿಪಿ ಏನೂ ಹೇಳದಿದ್ದರೆ ಸಾಪೇಕ್ಷ ಟಾಲರೆನ್ಸನ್ನು 10⁻³ ಅಂತ ಹಿಡಿಯುತ್ತದೆ. ಓಡಿಇ ಇಂಟ್ ಸುಮಾರು 1.49×10⁻⁸ ಹಿಡಿಯುತ್ತದೆ. ಕೋಪಾಸಿ 10⁻⁶. ಆಂದೋಲನದ ಮಾಡೆಲ್ಲಿನಲ್ಲಿ ಏರಿಳಿತದ ಎತ್ತರದ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ, ಯಾಕಂದರೆ ದಾರಿ ತಪ್ಪಿದರೂ ವ್ಯವಸ್ಥೆ ಮತ್ತೆ ಅದೇ ಸುತ್ತಿಗೆ ಎಳೆಯುತ್ತದೆ. ಹೊತ್ತಿನ ತಪ್ಪನ್ನು ಎಳೆಯೋರು ಯಾರೂ ಇಲ್ಲ. ಅದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ.

ಎಲ್‌ಸೋಡಾ ಬದಲು ಸಿವೋಡ್ ಬಳಸಿ, ಟಾಲರೆನ್ಸ್ ಎರಡಕ್ಕೂ ಒಂದೇ ಬಿಗಿಯಾಗಿ ಇಟ್ಟಾಗ ಗೆರೆಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರಲಿಲ್ಲ. ಅಂದರೆ ಅಲ್ಗಾರಿದಮ್ ಬದಲಿಸಿದಾಗ ಬಾರದ ವ್ಯತ್ಯಾಸ, ಅಲ್ಗಾರಿದಮ್ ಅದೇ ಇಟ್ಟು ಒಂದು ಸಂಖ್ಯೆ ಬದಲಿಸಿದಾಗ ಬಂತು. ಹೆಸರಿಗಾಗಿ ಇಷ್ಟು ತಲೆ ಕೆಡಿಸಿಕೊಂಡು ಸಂಖ್ಯೆಯನ್ನು ಬಿಟ್ಟರೆ ಏನು ಬಂತು?

ಕಿಸಾವೋದಲ್ಲಿ ಸಾಪೇಕ್ಷ ಟಾಲರೆನ್ಸ್‌ಗೆ 209, ನಿರಪೇಕ್ಷ ಟಾಲರೆನ್ಸ್‌ಗೆ 211 ಅಂತ ಸ್ವಂತ ನಂಬರುಗಳಿವೆ. ಸಿಮ್ಯುಲೇಶನ್ ಪ್ರಯೋಗವನ್ನು ಬರೆದಿಡುವ ಸೆಡ್-ಎಂಎಲ್ ಫೈಲಿನಲ್ಲಿ ಇವು ಹೀಗೆ ಕೂರುತ್ತವೆ: ಅಲ್ಗಾರಿದಮ್ ಅಂತ ಒಂದು ಸಾಲು, ಅದಕ್ಕೆ 88. ಅದರ ಹೊಟ್ಟೆಯಲ್ಲಿ ಎರಡು ಸಾಲು, 209ಕ್ಕೆ 10⁻⁶, 211ಕ್ಕೆ 10⁻¹². ಅಷ್ಟೇ. ಸೆಡ್-ಎಂಎಲ್‌ನ 2011ರ ಮೊದಲ ಆವೃತ್ತಿಯಲ್ಲಿ ಅಲ್ಗಾರಿದಮ್ ನಂಬರಿಗೆ ಮಾತ್ರ ಜಾಗ ಇತ್ತು. ಹೊಟ್ಟೆಯೊಳಗಿನ ಸಾಲುಗಳು ಬಂದದ್ದು 2013ರ ಎರಡನೇ ಆವೃತ್ತಿಯಲ್ಲಿ. ನಮಗೆ ಈಗ ಬಡಿದ ಏಟು ಅವರಿಗೆ ಆಗಲೇ ಬಡಿದಿರಬೇಕು.

ನಿಜವಾದ ಪರೀಕ್ಷೆ ಫೈಲು ಊರು ದಾಟಿದಾಗ ಆಯಿತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರಿದ್ದಾರೆ. ಅವರು ಕೋಪಾಸಿ ಮುಟ್ಟೋದಿಲ್ಲ, ಎಲ್ಲ ಪೈಥಾನ್ ಮತ್ತು ಟೆಲ್ಯೂರಿಯಂ. ಮೊದಲು ಶೀಟಿನ ಸಾಲು ಮತ್ತು ಮಾಡೆಲ್ ಫೈಲ್ ಕಳಿಸಿದೆ. ಸಂಜೆಯೊಳಗೆ ಫೋನ್. “ಮೇಡಂ, ಆ ಗ್ರಾಫ್ ನನ್ನ ಕಡೆ ಬರವಲ್ದ್ರೀ. ನೀವು ಎಷ್ಟು ಹೊತ್ತು ಓಡಿಸೀರಿ? ಎಷ್ಟು ಪಾಯಿಂಟ್ ತಗೊಂಡೀರಿ?” ಕೊನೆಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೇ ಬಂದು ನನ್ನ ಪಕ್ಕ ಕೂತು ಒಂದೊಂದೇ ಡಬ್ಬ ನೋಡಿ ಬರೆದುಕೊಂಡರು.

ಮುಂದಿನ ಸಲ ಅದೇ ಕೆಲಸವನ್ನು ಸೆಡ್-ಎಂಎಲ್ ಫೈಲಿನಲ್ಲಿ ಕಿಸಾವೋ ನಂಬರುಗಳ ಜೊತೆ ಕಳಿಸಿದೆ. ಫೋನ್ ಬರಲಿಲ್ಲ, ಗ್ರಾಫ್ ಬಂತು. ಅವರ ಕಡೆ ಎಲ್‌ಸೋಡಾ ಇರಲಿಲ್ಲ, ಸಿವೋಡ್ ಇತ್ತು. ಅದರ ನಂಬರ್ 19. ಇಲ್ಲಿ ಕಿಸಾವೋದ ಇನ್ನೊಂದು ಗುಣ ಕೆಲಸಕ್ಕೆ ಬಂತು. ಬಯೋಸಿಮ್ಯುಲೇಟರ್ಸ್ ಯೋಜನೆಯವರು ಕಿಸಾವೋ ಮೇಲೆ ಒಂದು ಪೈಥಾನ್ ಲೈಬ್ರರಿ ಕಟ್ಟಿದ್ದಾರೆ. ಕೇಳಿದ ಅಲ್ಗಾರಿದಮ್ ಇಲ್ಲದಿದ್ದರೆ ಯಾವುದನ್ನು ಬದಲಿಗೆ ಬಳಸಬಹುದು ಅಂತ ಅದು ಹೇಳುತ್ತದೆ. ಎಷ್ಟರ ಮಟ್ಟಿಗೆ ಬದಲಿ ಒಪ್ಪಿಗೆ ಅನ್ನೋದನ್ನು ನಾವೇ ಆರಿಸಬಹುದು. ‘ಬದಲಿ ಬೇಡವೇ ಬೇಡ’ ಒಂದು ತುದಿ, ‘ಏನಾದರೂ ಓಡಲಿ’ ಇನ್ನೊಂದು ತುದಿ, ನಡುವೆ ಗಣಿತ ಒಂದೇ ಆಗಿರಲಿ, ಅಂದಾಜಿನ ರೀತಿ ಹತ್ತಿರ ಇರಲಿ, ಹೀಗೆ ಮೆಟ್ಟಿಲುಗಳು. ಶೀಟಿನಲ್ಲಿ ‘ಎಲ್‌ಸೋಡಾ’ ಅಂತ ಬರೆದ ಅಕ್ಷರಗಳಿಂದ ಯಾವ ಪ್ರೋಗ್ರಾಮಿಗೂ ಇದು ಗೊತ್ತಾಗೋದಿಲ್ಲ.

ಒಂದು ಎಚ್ಚರಿಕೆ. ಈ ಬದಲಿ ಮೆಟ್ಟಿಲನ್ನು ಸಡಿಲ ಬಿಡಬೇಡಿ. ನಾನಾದರೆ ‘ಅಂದಾಜಿನ ರೀತಿ ಹತ್ತಿರ’ ಅನ್ನೋದಕ್ಕಿಂತ ಕೆಳಗೆ ಇಳಿಯೋದಿಲ್ಲ. ಇಳಿದರೆ ಸುಮ್ನೆ ಒಂದು ಗ್ರಾಫ್ ಬರುತ್ತದೆ, ಅದು ನಿಮ್ಮ ಗ್ರಾಫ್ ಆಗಿರೋದಿಲ್ಲ.

ಯಾದೃಚ್ಛಿಕ ವಿಧಾನಗಳಿಗೆ ಬಂದರೆ ಶೀಟಿನ ಸೋಲು ಇನ್ನೂ ಜೋರು. ‘ಗಿಲೆಸ್ಪಿ’, ‘ಎಸ್‌ಎಸ್‌ಎ’, ‘ಸ್ಟೋಕಾಸ್ಟಿಕ್’ ಅಂತ ಹುಡುಗರು ಮನಸ್ಸಿಗೆ ಬಂದದ್ದು ಬರೆದಿದ್ದರು. ಡೇನಿಯಲ್ ಗಿಲೆಸ್ಪಿ 1976ರಲ್ಲೇ ಎರಡು ವಿಧಾನ ಕೊಟ್ಟಿದ್ದರು. ಡೈರೆಕ್ಟ್ ವಿಧಾನದಲ್ಲಿ ಪ್ರತಿ ಘಟನೆಗೆ ಎರಡು ಯಾದೃಚ್ಛಿಕ ಸಂಖ್ಯೆ: ಮುಂದಿನ ಕ್ರಿಯೆ ಯಾವಾಗ, ಯಾವುದು. ಫಸ್ಟ್ ರಿಯಾಕ್ಷನ್ ವಿಧಾನದಲ್ಲಿ ಪ್ರತಿ ಕ್ರಿಯೆಗೂ ಒಂದೊಂದು ಸಮಯ ಎತ್ತಿ, ಮೊದಲು ಬಂದದ್ದನ್ನು ನಡೆಸೋದು. 2000ದಲ್ಲಿ ಗಿಬ್ಸನ್ ಮತ್ತು ಬ್ರುಕ್ ಅದನ್ನು ಚುರುಕು ಮಾಡಿದರು. ಯಾವ ಕ್ರಿಯೆ ನಡೆದರೆ ಯಾವ ಕ್ರಿಯೆಯ ವೇಗ ಬದಲಾಗುತ್ತದೆ ಅನ್ನೋ ನಕ್ಷೆ ಇಟ್ಟುಕೊಂಡು, ಬೇಕಾದಷ್ಟನ್ನೇ ಮತ್ತೆ ಲೆಕ್ಕ ಹಾಕುವ ಉಪಾಯ ಅದು. 2001ರಲ್ಲಿ ಗಿಲೆಸ್ಪಿ ಟೌ-ಲೀಪಿಂಗ್ ಕೊಟ್ಟರು. ಅದು ಒಂದೊಂದೇ ಘಟನೆ ನೋಡದೆ ಒಂದು ಜಿಗಿತದಲ್ಲಿ ಹಲವು ಘಟನೆ ದಾಟುತ್ತದೆ.

ಮೊದಲ ಮೂರು ನಿಖರ, ನಾಲ್ಕನೆಯದು ಅಂದಾಜು. ಕಿಸಾವೋದಲ್ಲಿ ಡೈರೆಕ್ಟ್ ವಿಧಾನ 29, ಗಿಬ್ಸನ್-ಬ್ರುಕ್ 27, ಟೌ-ಲೀಪಿಂಗ್ 39. ನಿಖರವೋ ಅಂದಾಜೋ ಅನ್ನೋದು ಲಕ್ಷಣವಾಗಿ ಅಂಟಿದೆ. 27ರ ಬದಲು 29 ಬಂದರೆ ಸಾವಿರ ಸಲ ಓಡಿಸಿದ ಸರಾಸರಿ, ಹರಡಿಕೆ ಬದಲಾಗೋದಿಲ್ಲ. 39 ಬಂದರೆ, ಅಣುಗಳ ಸಂಖ್ಯೆ ಕಡಿಮೆ ಇರುವ ಕಡೆ ನೋಡಿಕೊಳ್ಳಬೇಕು. ಶೀಟಿನ ‘ಗಿಲೆಸ್ಪಿ’ ಅನ್ನೋ ಒಂದು ಪದ ಇವನ್ನೆಲ್ಲ ನುಂಗಿಬಿಟ್ಟಿತ್ತು.

ಸೀಡ್‌ಗೂ ನಂಬರ್ ಇದೆ, 488. ಆದರೆ ಇದರ ಮೇಲೆ ಜಾಸ್ತಿ ಆಸೆ ಇಡಬೇಡಿ. ಅದೇ ಸೀಡ್ ಕೊಟ್ಟರೂ ಬೇರೆ ಸಾಫ್ಟ್‌ವೇರಿನಲ್ಲಿ ಅದೇ ಗೆರೆ ಬರೋದಿಲ್ಲ. ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಯಂತ್ರ ಬೇರೆ ಇರುತ್ತದೆ, ಸಂಖ್ಯೆಗಳನ್ನು ಬಳಸುವ ಕ್ರಮವೂ ಬೇರೆ. ಸೀಡ್ ಬರೆದಿಡೋದು ನಿಮ್ಮದೇ ಕಂಪ್ಯೂಟರಿನಲ್ಲಿ, ಅದೇ ಸಾಫ್ಟ್‌ವೇರಿನಲ್ಲಿ ಮತ್ತೆ ಓಡಿಸೋಕೆ. ಹುಬ್ಬಳ್ಳಿಗೆ ಕಳಿಸುವಾಗ ಎಷ್ಟು ಸಲ ಓಡಿಸಿದೆವು ಅನ್ನೋದನ್ನು ಹೇಳೋದು ಹೆಚ್ಚು ಉಪಯೋಗ.

ನಡುವೆ ಒಂದು ಮಾತು. ರೆಪ್ರೆಸಿಲೇಟರನ್ನು ಗಿಲೆಸ್ಪಿಯಿಂದ ಓಡಿಸಿದರೆ ಏರಿಳಿತ ಅಂಕುಡೊಂಕಾಗುತ್ತದೆ. ಮೂಲ ಲೇಖನದಲ್ಲೂ ಎರಡೂ ಬಗೆಯ ಗ್ರಾಫ್ ಇವೆ. ಆದರೆ ಬಯೋಮಾಡೆಲ್ಸ್ ಫೈಲಿನಲ್ಲಿರೋದು ಹಿಲ್ ಸೂತ್ರ, ಅಂದರೆ ಹಲವು ಸಣ್ಣ ಕ್ರಿಯೆಗಳನ್ನು ಒಂದೇ ಸೂತ್ರದಲ್ಲಿ ಕಟ್ಟಿದ್ದು. ಅದರ ಮೇಲೆ ‘ನಿಖರ’ ಅಲ್ಗಾರಿದಮ್ ಓಡಿಸಿದರೂ ಫಲಿತಾಂಶ ಆ ಕಟ್ಟಿನ ಮಟ್ಟಿಗೆ ಮಾತ್ರ ನಿಖರ. ಕಿಸಾವೋ ಇದನ್ನು ಹೇಳೋದಿಲ್ಲ. ಎಸ್‌ಬಿಒ ಚೀಟಿ ಅಂಟಿಸಿದ್ದರೆ ‘ಇಲ್ಲಿ ಹಿಲ್ ಸೂತ್ರ ಇದೆ’ ಅಂತ ಕಾಣುತ್ತಿತ್ತು. ಹಾಗಾಗಿ ಎಸ್‌ಬಿಒವನ್ನು ಪೂರ್ತಿ ಬದಿಗಿಡೋಕೆ ಮನಸ್ಸು ಬರಲಿಲ್ಲ.

ಮೂರು ಆಂಟಾಲಜಿಗಳೂ ಒಂದೇ ಕಡೆ ಸೇರಿ ಗೊಂದಲ ಮಾಡೋದು ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್‌ನಲ್ಲಿ, ಅಂದರೆ ಜೀವಕೋಶದ ಯಾವ ಕ್ರಿಯೆಯಲ್ಲಿ ಎಷ್ಟು ಹರಿವು ಇದೆ ಅಂತ ಲೆಕ್ಕ ಹಾಕೋದರಲ್ಲಿ. ಎಸ್‌ಬಿಒದಲ್ಲಿ ಅದು ಒಂದು ಫ್ರೇಮ್‌ವರ್ಕ್. ಮಾಮೋದಲ್ಲಿ ನಿರ್ಬಂಧ ಆಧಾರಿತ ಮಾಡೆಲ್. ಕಿಸಾವೋದಲ್ಲಿ ಅಲ್ಗಾರಿದಮ್, ನಂಬರ್ 437. ಹೆಸರಿನಲ್ಲಿ ‘ಕೈನೆಟಿಕ್’ ಇದ್ದರೂ ಸಮಯವೇ ಇಲ್ಲದ ಈ ಲೆಕ್ಕಾಚಾರವನ್ನು ಕಿಸಾವೋ ಒಳಗೆ ಬಿಟ್ಟುಕೊಂಡಿದೆ. ಅದು ಒಳ್ಳೆಯದೇ.

ಆದರೆ 437 ಅಂತ ಬರೆದ ಮಾತ್ರಕ್ಕೆ ಎಲ್ಲ ಬಗೆಹರಿಯೋದಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ‘ಕೋರ್’ ಮಾಡೆಲ್ ತಗೊಳ್ಳಿ. 95 ಕ್ರಿಯೆಗಳು, 72 ಪದಾರ್ಥಗಳು. ಕೋಬ್ರಾಪೈ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ಓಡಿಸಿದರೆ ಬೆಳವಣಿಗೆಯ ದರ ಗಂಟೆಗೆ 0.874 ಬರುತ್ತದೆ. ಯಾವ ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಮ್) ಹಾಕಿದರೂ ಇದೇ. ಒಳಗಿನ ಹರಿವು ಮಾತ್ರ ಹಾಗಲ್ಲ. ಫ್ಯೂಮರೇಟ್ ರಿಡಕ್ಟೇಸ್ ಮತ್ತು ಸಕ್ಸಿನೇಟ್ ಡಿಹೈಡ್ರೋಜಿನೇಸ್ ಅಂತ ಎರಡು ಕ್ರಿಯೆಗಳಿವೆ. ಒಂದು ಆ ಕಡೆ ಮಾಡಿದ್ದನ್ನು ಇನ್ನೊಂದು ಈ ಕಡೆ ಬಿಚ್ಚುತ್ತದೆ. ಎರಡೂ ಸೇರಿ ಎಷ್ಟು ಬೇಕಾದರೂ ಸುತ್ತಬಹುದು, ಬೆಳವಣಿಗೆಗೆ ಏನೂ ಫರಕ್ ಬೀಳೋದಿಲ್ಲ. ಒಂದು ಸಾಲ್ವರ್ ಸೊನ್ನೆ ಕೊಡಬಹುದು, ಇನ್ನೊಂದು ದೊಡ್ಡ ಸಂಖ್ಯೆ ಕೊಡಬಹುದು, ಎರಡೂ ಸರಿ ಉತ್ತರವೇ. ಆದ್ದರಿಂದ ಇಂಥ ಫೈಲುಗಳಿಗೆ 437ರ ಜೊತೆ ಸಾಲ್ವರ್ ಹೆಸರನ್ನು ಶೀಟಿನಲ್ಲಿ ಬರೆಯೋ ನಿಯಮ ಮಾಡಿದ್ದೇವೆ. ಅಲ್ಗಾರಿದಮ್ ನಂಬರ್ ಸಾಫ್ಟ್‌ವೇರನ್ನೂ ಅದರ ಆವೃತ್ತಿಯನ್ನೂ ಹೇಳೋದಿಲ್ಲ. ಅದು ಅದರ ಕೆಲಸವೂ ಅಲ್ಲ.

ಕಿಸಾವೋದಲ್ಲಿ ಕಿರಿಕಿರಿ ಇಲ್ಲವೇ? ಇದೆ. ಮೊದಲನೆಯದು, ಸರಿಯಾದ ನಂಬರ್ ಹುಡುಕೋದು. ನಾನು ಇಲ್ಲಿಯವರೆಗೆ ಎಲ್‌ಸೋಡಾ ಅಂದರೆ 88 ಅಂದೆ. ಆದರೆ ಕೋಪಾಸಿ ತನ್ನ ಡಿಫಾಲ್ಟ್ ವಿಧಾನಕ್ಕೆ ಬಳಸೋದು ಎಲ್‌ಸೋಡಾ ಮತ್ತು ಎಲ್‌ಸೋಡಾರ್ ಎರಡನ್ನೂ. ‘ಇಷ್ಟು ಹೊತ್ತಾದಾಗ ಔಷಧ ಹಾಕು’ ಅನ್ನುವಂಥ ಘಟನೆಗಳು ಮಾಡೆಲ್ಲಿನಲ್ಲಿ ಇದ್ದರೆ, ಆ ಕ್ಷಣವನ್ನು ಹಿಡಿಯೋಕೆ ಎಲ್‌ಸೋಡಾರ್ ಬೇಕು. ಈ ಎರಡರ ಜೋಡಿಗೆ ಕಿಸಾವೋದಲ್ಲಿ ಬೇರೆ ನಂಬರ್, 560. ಗೊತ್ತಿಲ್ಲದವರು 88 ಬರೆಯುತ್ತಾರೆ, ಗೊತ್ತಿದ್ದವರು 560. ಹುಡುಕುವಾಗ ಎರಡನ್ನೂ ಕೇಳಬೇಕು.

ಎರಡನೆಯದು, ಮರ ತುಂಬ ಬೆಳೆದಿದೆ. ಹೊಸದಾಗಿ ಬಂದವರಿಗೆ ತೆರೆದು ತೋರಿಸಿದರೆ ಗಾಬರಿಯಾಗುತ್ತಾರೆ. ನಾವು ನಮ್ಮ ಲ್ಯಾಬಿನಲ್ಲಿ ದಿನಾ ಬಳಸುವ ಹತ್ತಾರು ನಂಬರುಗಳನ್ನಷ್ಟೇ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದ್ದೇವೆ. ಶೀಟಿನ ಮೆಥಡ್ ಕಾಲಂ ಈಗ ಡ್ರಾಪ್‌ಡೌನ್ ಆಗಿದೆ. ಕಾಣೋದು ಹೆಸರು, ಒಳಗೆ ಕೂರೋದು ನಂಬರ್. ಪಕ್ಕದಲ್ಲಿ ಟಾಲರೆನ್ಸ್‌ಗೆ ಎರಡು ಕಾಲಂ, ತುಂಬದಿದ್ದರೆ ಸಾಲು ಕೆಂಪಾಗುತ್ತದೆ. ಹುಡುಗರು ಬೈದುಕೊಂಡೇ ತುಂಬುತ್ತಾರೆ.

ಹೈಬ್ರಿಡ್ ವಿಧಾನಗಳಲ್ಲಿ ಕಿಸಾವೋ ಕೈಕೊಡುತ್ತದೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಅಣುಗಳು ಕಡಿಮೆ ಇರುವಾಗ ಗಿಬ್ಸನ್-ಬ್ರುಕ್, ಜಾಸ್ತಿ ಆದಾಗ ರುಂಗೆ-ಕುಟ್ಟ ಅಂತ ಕೋಪಾಸಿ ಮಾಡುತ್ತದಲ್ಲ, ಅದಕ್ಕೂ ಜಾಗ ಇದೆ. ಯಾವ ಸಂಖ್ಯೆಗಿಂತ ಕೆಳಗೆ ಇಳಿದರೆ ಆಚೆ, ಯಾವುದಕ್ಕಿಂತ ಮೇಲೆ ಏರಿದರೆ ಈಚೆ ಅನ್ನೋ ಎರಡು ಮಿತಿಗಳಿಗೂ ಸ್ವಂತ ನಂಬರ್ ಇದೆ. ಕೋಪಾಸಿಯಲ್ಲಿ ಆ ಮಿತಿಗಳು ಮೊದಲಿಗೆ 800 ಮತ್ತು 1000 ಇರುತ್ತವೆ. ಅವನ್ನು ಬರೆದಿಡದೆ ‘ಹೈಬ್ರಿಡ್’ ಅಂತಷ್ಟೇ ಬರೆದರೆ ಯಾರಿಗೂ ಏನೂ ತಿಳಿಯೋದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಒಬ್ಬರೇ ಕೂತು ಒಂದೇ ಸಾಫ್ಟ್‌ವೇರಿನಲ್ಲಿ ಒಂದು ಪ್ರಾಜೆಕ್ಟ್ ಮುಗಿಸೋರಿಗೆ ಶೀಟ್ ಸಾಕು, ಟಾಲರೆನ್ಸ್ ಕಾಲಂ ಮಾತ್ರ ಇರಲಿ. ಬೇರೆಯವರ ಮಾಡೆಲ್ ಹುಡುಕೋರಿಗೆ ಮಾಮೋ. ಮಾಡೆಲ್ ಕಟ್ಟಿ ಬಯೋಮಾಡೆಲ್ಸ್‌ಗೆ ಕೊಡೋರು ಎಸ್‌ಬಿಒ ಕಲಿಯಲೇಬೇಕು. ಇನ್ನೊಬ್ಬರು, ಇನ್ನೊಂದು ಸಾಫ್ಟ್‌ವೇರಿನಲ್ಲಿ ನಿಮ್ಮ ಗ್ರಾಫ್ ತೆಗೆಯಬೇಕು ಅಂದರೆ ಕಿಸಾವೋ ಮತ್ತು ಸೆಡ್-ಎಂಎಲ್, ಬೇರೆ ದಾರಿ ನನಗೆ ಕಾಣಲಿಲ್ಲ.

ಇಷ್ಟೆಲ್ಲ ಆದ ಮೇಲೂ ಹಾರ್ಡ್‌ಡಿಸ್ಕಿನಲ್ಲಿ ಒಂದು ಗುಂಪು ಹಾಗೇ ಉಳಿದಿದೆ: ಹುಡುಗರು ಕೈಯಾರೆ ಬರೆದ ಕೋಡ್‌ಗಳು. ಒಬ್ಬ ಯೂಲರ್ ವಿಧಾನ ಬರೆದು, ಸಾಂದ್ರತೆ ಋಣ ಸಂಖ್ಯೆಗೆ ಇಳಿದರೆ ಅದನ್ನು ಸೊನ್ನೆ ಮಾಡು ಅಂತ ಒಂದು ಸಾಲು ಸೇರಿಸಿದ್ದಾನೆ. ಯೂಲರ್‌ಗೆ 30 ಅಂತ ನಂಬರ್ ಇದೆ, ಹೆಜ್ಜೆಯ ಅಳತೆಯನ್ನೂ ಬರೆಯಬಹುದು. ಆ ಒಂದು ಸಾಲಿಗೆ ಸರಿಹೊಂದುವ ನಂಬರ್ ನನಗೆ ಸಿಗಲಿಲ್ಲ. ಗ್ರಾಫ್ ಬದಲಾಗೋದು ಅದರಿಂದಲೇ, ಯಾಕಂದರೆ ಪ್ರತಿ ಸಲ ಸೊನ್ನೆ ಮಾಡಿದಾಗ ಇಲ್ಲದ ಪದಾರ್ಥ ಒಂದಿಷ್ಟು ಹುಟ್ಟುತ್ತದೆ. ಕಿಸಾವೋಗೆ ಹೊಸ ಪದ ಬೇಕು ಅಂತ ಗಿಟ್‌ಹಬ್‌ನಲ್ಲಿ ಕೇಳಬಹುದು. ಆದರೆ ಇದು ಅಲ್ಗಾರಿದಮ್ಮೋ, ಒಬ್ಬನ ತೇಪೆಯೋ ಅಂತ ನಮ್ಮಲ್ಲೇ ಇನ್ನೂ ವಾದ ನಡೆದಿದೆ. ಸದ್ಯಕ್ಕೆ ಮೆಥಡ್ ಕಾಲಂನಲ್ಲಿ 30, ನೋಟ್ ಕಾಲಂನಲ್ಲಿ “ಋಣ ಬಂದರೆ ಸೊನ್ನೆ ಮಾಡಿದ್ದಾನೆ, 47ನೇ ಸಾಲು ನೋಡಿ”.